ಕರೆಯೋಲೆಯೋ ಅಪ್ಪಣೆಯೋ? ವಿದೇಶಿ ಅತಿಥಿಯ ಸ್ವಾಗತವೂ ಸರಕಾರಿ ನೌಕರನೂ

ಪರರಾಷ್ಟ್ರದ ಅಧ್ಯಕ್ಷರೋ ಪ್ರಧಾನಮಂತ್ರಿಯೋ ನಮ್ಮ ದೇಶದ ಒಂದು ನಗರಕ್ಕೆ ದಯಮಾಡಿಸುವರೆಂದು ಪ್ರಕಟವಾದೊಡನೆ ಆ ನಗರದ ಸರಕಾರಿ ಕಚೇರಿಗಳಲ್ಲಿ ಒಂದು ಬಗೆಯ ಕಾಗದವು ಸಂಚರಿಸತೊಡಗುವುದುಂಟು. ಸ್ವಾಗತ ಸಮಾರಂಭಕ್ಕೆ ಸಿಬ್ಬಂದಿಯವರು ಆಗಮಿಸಬೇಕೆಂದು ಅದರಲ್ಲಿ ಕೋರಲಾಗಿರುತ್ತದೆ. ಕೋರಿದವರು ಯಾರು, ಬಾರದೆ ಹೋದರೆ ಏನಾಗುವುದು, ಆ ಹೊತ್ತು ಕೆಲಸದ ಹೊತ್ತೋ ಬಿಡುವಿನ ಹೊತ್ತೋ ಎಂಬುದೊಂದೂ ಅದರಲ್ಲಿ ಕಾಣಿಸುವುದಿಲ್ಲ. ಕೆಲವೆಡೆ ಕಾಗದವೂ ಇರುವುದಿಲ್ಲ. ಹಿರಿಯ ಗುಮಾಸ್ತರು ಮೇಜಿನಿಂದ ಮೇಜಿಗೆ ಬಂದು ಹೆಸರು ಬರೆದುಕೊಂಡು ಹೋಗುತ್ತಾರೆ, ಅಷ್ಟೆ. ಬರೆಸಿಕೊಂಡವನಿಗೆ ತಾನು ಅತಿಥಿಯೋ ಆಳೋ ಎಂಬುದು ಕೊನೆಯತನಕ ತಿಳಿಯದು.

ಈ ಕಾಗದದ ಸ್ವರೂಪವನ್ನು ಸ್ವಲ್ಪ ವಿಚಾರಿಸಿ ನೋಡುವುದು ಅಗತ್ಯವೆಂದು ನಮಗೆ ತೋರುತ್ತದೆ. ಬೆಹಾಲಾದಲ್ಲಿ ಮನೆ ಮಾಡಿಕೊಂಡು ತಾರಾತಲಾದ ಟಂಕಸಾಲೆಗೋ, ಗಾರ್ಡನ್ ರೀಚಿನಲ್ಲಿರುವ ಆಗ್ನೇಯ ರೈಲ್ವೆಯ ಕಚೇರಿಗೋ, ಬಿ.ಬಿ.ಡಿ. ಬಾಗಿನ ಸುತ್ತಲಿನ ನಾನಾ ಇಲಾಖೆಗಳಿಗೋ ದಿನವೂ ಹೋಗಿ ಬರುವ ಗುಮಾಸ್ತರಿಗೆ ಈ ವಿಷಯವು ನೇರವಾಗಿ ಸಂಬಂಧಿಸಿದ್ದು. ಡೈಮಂಡ್ ಹಾರ್ಬರ್ ರಸ್ತೆಯ ಇಕ್ಕೆಲಗಳಲ್ಲಿಯೂ ಲೇಕ್ ಮಾರ್ಕೆಟ್ಟಿನ ಕಡೆಯಲ್ಲಿಯೂ ಹೋಟೆಲುಗಳಲ್ಲಿ ದುಡಿಯುವ ನಮ್ಮವರಿಗೆ ಇದು ಹೇಗೆ ಸಂಬಂಧಿಸಿತೆಂದು ಕೇಳುವವರಿಗೆ ಮುಂದೆ ಉತ್ತರ ಹೇಳುತ್ತೇವೆ.

ಮೊದಲಿಗೇ ಒಂದು ಮಾತು. ಮನೆಗೆ ಬಂದವರನ್ನು ಬಾಗಿಲಲ್ಲಿ ನಿಂತು ಎದುರುಗೊಳ್ಳುವುದು ನಮ್ಮ ಹಿರಿಯರು ಕಲಿಸಿದ ಮರ್ಯಾದೆ. ಅದನ್ನು ರಾಷ್ಟ್ರವೂ ಪಾಲಿಸಬೇಕು. ಬರುವ ಅತಿಥಿಯ ರಾಜಕೀಯವು ನಮಗೆ ಹಿಡಿಸಲಿ ಬಿಡಲಿ, ಅವರು ಒಂದು ಜನಾಂಗದ ಪ್ರತಿನಿಧಿಯಾಗಿ ಬಂದಿರುತ್ತಾರೆ. ಸಮಾರಂಭಗಳೆಲ್ಲ ದುಂದುವೆಚ್ಚವೆಂದು ಹೇಳುವವರ ಪಂಕ್ತಿಯಲ್ಲಿ ನಾವಿಲ್ಲ. ನಮ್ಮ ಪ್ರಶ್ನೆ ಇರುವುದು ಬಾಗಿಲಲ್ಲಿ ನಿಲ್ಲುವವನ ಬಗ್ಗೆ. ಅವನು ತಾನಾಗಿ ನಿಂತಿರುವನೇ, ನಿಲ್ಲಿಸಲ್ಪಟ್ಟಿರುವನೇ?

ಇಷ್ಟವಿಲ್ಲದೆ ಹೊರಗಿನವನಿಗೆ ಬಾಗಿಲು ತೆರೆದ ಉದಾಹರಣೆಯೊಂದು ಬೆಹಾಲಾದಲ್ಲಿಯೇ ಇದೆ. 1698ನೆಯ ಇಸವಿ ನವೆಂಬರ್ 10ರಂದು ಬರಿಶಾದ ಸಾಬರ್ಣ ರಾಯಚೌಧುರಿ ಮನೆತನದವರು ಸುತಾನುಟಿ, ಕಲಿಕಾತಾ, ಗೋವಿಂದಪುರ ಎಂಬ ಮೂರು ಗ್ರಾಮಗಳ ಹಕ್ಕನ್ನು 1,300 ರೂಪಾಯಿಗೆ ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟರು. ಮನೆತನದವರಿಗೆ ಆ ವ್ಯವಹಾರದಲ್ಲಿ ಮನಸ್ಸಿರಲಿಲ್ಲ. ಆದರೆ ಔರಂಗಜೇಬನ ಮೊಮ್ಮಗ ಅಜೀಮ್-ಉಶ್-ಶಾನನ ಅನುಮತಿಯನ್ನು ಕಂಪನಿಯವರು ಮೊದಲೇ ಹಣ ಕೊಟ್ಟು ಸಂಪಾದಿಸಿಕೊಂಡಿದ್ದರು. ಮೇಲಿನಿಂದ ಅಪ್ಪಣೆ ಬಂದ ಮೇಲೆ ಜಮೀನ್ದಾರನ ಒಪ್ಪಿಗೆಗೆ ಬೆಲೆಯೆಲ್ಲಿ? ಅದೇ ಮನೆತನದವರು ನ್ಯಾಯಾಲಯಕ್ಕೆ ಹೋಗಿ, ಜಾಬ್ ಚಾರ್ನಕನು ಈ ನಗರದ ಸ್ಥಾಪಕನಲ್ಲವೆಂದು 2003ರಲ್ಲಿ ಕಲ್ಕತ್ತಾ ಹೈಕೋರ್ಟಿನಿಂದ ಹೇಳಿಸಿದರು. ಮುನ್ನೂರು ವರ್ಷ ತಡವಾದರೂ ಒಂದು ತಕರಾರು ದಾಖಲಾಯಿತು.

ನಮ್ಮ ಕಡೆಯ ಹಳ್ಳಿಗಳಲ್ಲಿ ಇಂಥದಕ್ಕೆ 'ಬಿಟ್ಟಿ' ಎಂಬ ಚಿಕ್ಕ ಹೆಸರಿತ್ತು. ಸಾಹೇಬರು ಮೊಕ್ಕಾಂ ಮಾಡುವರೆಂದರೆ ಗಾಡಿ, ಹುಲ್ಲು, ಹಾಲು, ಆಳು ಎಲ್ಲವೂ ಊರಿನಿಂದ ಬಿಟ್ಟಿಯಾಗಿ ಹೋಗಬೇಕು. ಮೈಸೂರಿನ ದಸರಾ ದರ್ಬಾರಿನಲ್ಲಿ ಅಧಿಕಾರಿಗಳು ನಿಯಮಿತ ಪೋಷಾಕು ಧರಿಸಿ ತಮ್ಮ ತಮ್ಮ ದರ್ಜೆಗೆ ತಕ್ಕ ಸ್ಥಳದಲ್ಲಿ ಕುಳಿತು ಮುಜುರೆ ಸಲ್ಲಿಸಬೇಕಾಗಿತ್ತು. ಅದು ಅರಸೊತ್ತಿಗೆಯ ಕಾಲ. ಅದನ್ನು ಆಮಂತ್ರಣವೆಂದು ಯಾರೂ ವೇಷ ಹಾಕಿ ತೋರಿಸಲಿಲ್ಲ. ಅಪ್ಪಣೆಯು ಅಪ್ಪಣೆಯಾಗಿಯೇ ಇತ್ತು. ಇಂದಿನ ಕಾಗದವು ಪ್ರಜಾಪ್ರಭುತ್ವದ ಮಾತಿನಲ್ಲಿ ಬಂದು ದರ್ಬಾರಿನ ಫಲವನ್ನು ಬಯಸುತ್ತದೆ ಎಂಬುದೇ ನಮಗಿರುವ ತಕರಾರು.

ಸರಕಾರವು ಬಯಸಿದ ಸ್ವಾಗತವನ್ನು ಪ್ರಜೆಗಳು ಕೊಡದೆ ಹೋದ ಪ್ರಸಂಗವೂ ಕಲ್ಕತ್ತೆಗೆ ಹೊಸದಲ್ಲ. ಬ್ರಿಟಿಷ್ ಯುವರಾಜ ಎಡ್ವರ್ಡನು 1921ರ ನವೆಂಬರ್ 17ರಂದು ಮುಂಬಯಿಯಲ್ಲಿ ಇಳಿದ ದಿನವೇ ಕಲ್ಕತ್ತೆಯಲ್ಲಿ ಪೂರ್ಣ ಹರತಾಳವಾಯಿತು. ಬಂಗಾಳದ ಸರಕಾರವು ಸ್ವಯಂಸೇವಕ ದಳಗಳನ್ನು ಕಾನೂನುಬಾಹಿರವೆಂದು ಸಾರಿತು. ಡಿಸೆಂಬರ್ 7ರಂದು ಬಸಂತೀದೇವಿಯವರೂ, 10ರಂದು ಅವರ ಪತಿ ದೇಶಬಂಧು ಚಿತ್ತರಂಜನ ದಾಸರೂ ಬಂಧಿತರಾದರು. ಕೆಲವೇ ತಿಂಗಳ ಹಿಂದೆ ಐ.ಸಿ.ಎಸ್. ಹುದ್ದೆಗೆ ರಾಜೀನಾಮೆ ಕೊಟ್ಟಿದ್ದ ಸುಭಾಷಚಂದ್ರ ಬೋಸರನ್ನೂ ಅದೇ ಸಂದರ್ಭದಲ್ಲಿ ಹಿಡಿದರು. ಡಿಸೆಂಬರ್ 24ರಂದು ಯುವರಾಜನು ಕಲ್ಕತ್ತೆಗೆ ಬಂದಾಗ ಅಂಗಡಿಗಳು ಮುಚ್ಚಿದ್ದುವು. ಅಂದು ಸ್ವಾಗತಕ್ಕೆ ನಿಂತವರಲ್ಲಿ ಬಿರುದುಬಾವಲಿಯವರೂ ಸರಕಾರದ ಅನ್ನ ಉಣ್ಣುವವರೂ ಎದ್ದು ಕಂಡರೆಂಬುದು ಸಹಜವೇ. ಸಂಬಳದ ಹಗ್ಗ ಎಲ್ಲಿಯವರೆಗೆ ಎಳೆಯಬಲ್ಲುದು, ಎಲ್ಲಿ ಅದು ತುಂಡಾಗುವುದು ಎಂಬುದನ್ನು ಆ ಡಿಸೆಂಬರು ತೋರಿಸಿತು.

ಇದಕ್ಕೆ ತೀರ ವ್ಯತಿರಿಕ್ತವಾದುದು 1955. ಸೋವಿಯೆತ್ ಪ್ರಧಾನಿ ಬುಲ್ಗಾನಿನ್ ಮತ್ತು ಕಮ್ಯೂನಿಸ್ಟ್ ಪಕ್ಷದ ಕಾರ್ಯದರ್ಶಿ ಕ್ರುಶ್ಚೇವ್ ಇವರು ಆ ವರ್ಷ ನವೆಂಬರಿನಲ್ಲಿ ಭಾರತಕ್ಕೆ ಬಂದು, ಬೆಂಗಳೂರನ್ನೂ ಕಂಡು, 29ರಂದು ಕಲ್ಕತ್ತೆಗೆ ಬಂದಿಳಿದರು. ಭಿಲಾಯಿ ಉಕ್ಕಿನ ಕಾರಖಾನೆಯ ಒಪ್ಪಂದವಾಗಿ ಇನ್ನೂ ಒಂದು ವರ್ಷ ಕಳೆದಿರಲಿಲ್ಲ. ರಷ್ಯದ ಹೆಸರು ಬಂಗಾಳದಲ್ಲಿ ಮನೆಮಾತಾಗಿತ್ತು, ಎಡಪಕ್ಷಗಳು ಬಲವಾಗಿದ್ದುವು, ಕೇವಲ ಕುತೂಹಲದಿಂದ ಬಂದವರೂ ಅನೇಕರಿದ್ದಿರಬೇಕು. ವಿಮಾನ ನಿಲ್ದಾಣದಿಂದ ರಾಜಭವನದ ದಾರಿಯಲ್ಲಿ ಜನಸ್ತೋಮವು ಪೊಲೀಸರ ಸಾಲನ್ನು ಮುರಿದು ಮೋಟಾರನ್ನು ಮುತ್ತಿಕೊಂಡಿತು. ಮೋಟಾರು ಮುಂದೆ ಸಾಗದೆ, ಎರಡು ಮಹಾರಾಷ್ಟ್ರಗಳೊಳಗೊಂದರ ನಾಯಕರನ್ನು ಪೊಲೀಸರ ಮುಚ್ಚಿದ ವ್ಯಾನಿಗೆ ಹತ್ತಿಸಿ ಸಾಗಿಸಬೇಕಾಯಿತು. ಮರುದಿನ ಬ್ರಿಗೇಡ್ ಮೈದಾನದ ಪೌರಸತ್ಕಾರದಲ್ಲಿ ನೆಹರೂ ಅವರೂ ಉಪಸ್ಥಿತರಿದ್ದರು, ಮುಖ್ಯಮಂತ್ರಿ ಡಾ. ಬಿಧಾನಚಂದ್ರ ರಾಯರ ಸರಕಾರವು ಆತಿಥೇಯ. ಅಲ್ಲಿ ಸೇರಿದವರು ಇಪ್ಪತ್ತು ಲಕ್ಷವೆಂದು ಕೆಲವರು ಬರೆದರು, ಅದಕ್ಕೂ ಹೆಚ್ಚೆಂದು ಮತ್ತೆ ಕೆಲವರು ಬರೆದರು. ಮೈದಾನದಲ್ಲಿ ತಲೆ ಎಣಿಸುವುದು ಮಳೆಹನಿ ಎಣಿಸಿದಂತೆ. ಆ ಅಂಕಿಯ ಮೇಲೆ ನಾವು ಹಟ ಹಿಡಿಯುವುದಿಲ್ಲ. ಅರ್ಧವೇ ನಿಜವೆಂದರೂ ಸುತ್ತೋಲೆಯೊಂದರಿಂದ ಅಷ್ಟು ಜನ ಕೂಡುವುದು ಸಾಧ್ಯವಿಲ್ಲ.

ಇಲ್ಲಿ ಒಂದು ವಿನೋದವನ್ನು ವಾಚಕರು ಗಮನಿಸಬೇಕು. ಆ ಅತಿಥಿಗಳ ದೇಶದಲ್ಲಿ ಸ್ವಾಗತದ ಜನಸಂದಣಿಯೂ ಯೋಜನೆಯ ಒಂದು ಬಾಬತ್ತಾಗಿತ್ತು. ಮಾಸ್ಕೋದ ಲೆನಿನ್‌ಸ್ಕಿ ಪ್ರಾಸ್ಪೆಕ್ಟ್ ಎಂಬ ಹೆದ್ದಾರಿಯಲ್ಲಿ ಪರದೇಶದ ನಾಯಕರ ಸವಾರಿ ಬರುವಾಗ ಇಂತಿಂಥ ಕಾರಖಾನೆಯವರು, ಇಂತಿಂಥ ಕಚೇರಿಯವರು ಇಂತಿಂಥ ಕಡೆಯಲ್ಲಿ ನಿಲ್ಲತಕ್ಕದ್ದೆಂದು ಜಾಗ ಹಂಚಿಕೊಡುವ ಪದ್ಧತಿ ಬಹುಕಾಲ ನಡೆಯಿತು. ಕೈಗೆ ಚಿಕ್ಕ ಬಾವುಟವನ್ನೂ ಕೊಡುತ್ತಿದ್ದರು. ಅಂಥ ದೇಶದ ನಾಯಕರಿಗೆ ಕಲ್ಕತ್ತೆಯ ಅವ್ಯವಸ್ಥೆಯು ಹೇಗೆ ತೋರಿತೋ! 1959ರ ಸೆಪ್ಟೆಂಬರಿನಲ್ಲಿ ಅದೇ ಕ್ರುಶ್ಚೇವರು ವಾಷಿಂಗ್ಟನ್ನಿಗೆ ಹೋದಾಗ ಬೀದಿಯ ಬದಿಯಲ್ಲಿ ಸಾಕಷ್ಟು ಜನ ನಿಂತಿದ್ದರು, ಆದರೆ ಬಹುಮಟ್ಟಿಗೆ ಮೌನವಾಗಿ ನೋಡಿದರು. ಆ ಮೌನದಿಂದ ಅಮೆರಿಕದ ಮನಸ್ಸು ಏನೆಂಬುದು ಅತಿಥಿಗೆ ಚೆನ್ನಾಗಿ ತಿಳಿದಿರಬೇಕು. ಬಾವುಟ ಹಂಚಿ ನಿಲ್ಲಿಸಿದ ಜನರಿಂದ ಯಾವ ಅತಿಥಿಗೂ ಏನೂ ತಿಳಿಯುವುದಿಲ್ಲ.

ಕಲ್ಕತ್ತೆಯು ಬೇಡವೆನ್ನುವುದನ್ನೂ ಬಲ್ಲುದು. ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿ ವಿಯೆಟ್ನಾಮ್ ಯುದ್ಧ ನಡೆಸಿ, ಅನಂತರ ವಿಶ್ವಬ್ಯಾಂಕಿನ ಅಧ್ಯಕ್ಷರಾದ ಮೆಕ್‌ನಮಾರಾ ಅವರು 1968ರ ನವೆಂಬರಿನಲ್ಲಿ ಇಲ್ಲಿಗೆ ಬಂದಾಗ ಬೀದಿಗಳಲ್ಲಿ ಪ್ರತಿಭಟನೆಯು ಎಷ್ಟು ಉಗ್ರವಾಗಿತ್ತೆಂದರೆ ಅವರನ್ನು ಹೆಲಿಕಾಪ್ಟರಿನಲ್ಲಿ ಒಯ್ಯಬೇಕಾಯಿತು. ಹತ್ತು ವರ್ಷ ಹಿಂದೆ, 1958ರ ಫೆಬ್ರುವರಿಯಲ್ಲಿ, ಹೋ ಚಿ ಮಿನ್ ಅವರು ಭಾರತಕ್ಕೆ ಬಂದಾಗ ಇದೇ ಊರು ಅವರನ್ನು ಆದರದಿಂದ ಕಂಡಿತ್ತು. ಮುಂದೆ ಹ್ಯಾರಿಂಗ್ಟನ್ ಬೀದಿಗೆ ಅವರ ಹೆಸರಿಟ್ಟಿತು. ಅಮೆರಿಕದ ದೂತಾವಾಸ ಇರುವುದು ಅದೇ ಬೀದಿಯಲ್ಲಿ. ನಗರವು ಹೀಗೆ ತನ್ನ ಇಷ್ಟಾನಿಷ್ಟವನ್ನು ಫಲಕದ ಮೇಲೆ ಬರೆದಿಡುತ್ತದೆ. ಬೆಹಾಲಾದವರು ಬಹಳ ದೂರ ಹೋಗಬೇಕಾದುದಿಲ್ಲ. ಡೈಮಂಡ್ ಹಾರ್ಬರ್ ರಸ್ತೆಗೆ ಸಮಾನಾಂತರವಾಗಿ ಓಡುವ ಜೇಮ್ಸ್ ಲಾಂಗ್ ಸರಣಿಯನ್ನು ನೋಡಿದರೆ ಸಾಕು. ನೀಲಿ ಬೆಳೆಯ ರೈತರ ದುಃಖವನ್ನು ಹೇಳುವ 'ನೀಲದರ್ಪಣ' ನಾಟಕದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ್ದಕ್ಕಾಗಿ 1861ರಲ್ಲಿ ಆ ಪಾದ್ರಿಗೆ ಒಂದು ತಿಂಗಳ ಸೆರೆ, ಸಾವಿರ ರೂಪಾಯಿ ಜುಲ್ಮಾನೆ ಆಯಿತು. ಜುಲ್ಮಾನೆಯನ್ನು ಕಾಳೀಪ್ರಸನ್ನ ಸಿಂಹರು ಕಟ್ಟಿದರು. ಆ ಪರದೇಶಿಗೆ ಆ ದಿನ ಸಿಕ್ಕ ಮರ್ಯಾದೆಗೆ ಯಾವ ಕಚೇರಿಯೂ ಕಾಗದ ಹೊರಡಿಸಿರಲಿಲ್ಲ.

ಇಷ್ಟಾದರೂ ಸರಕಾರಗಳು ನೌಕರರನ್ನೇ ಏಕೆ ಕರೆಯುತ್ತವೆ? ಕುರ್ಚಿ ತುಂಬಿಸುವ ಚಪಲವೆಂದು ಹೇಳಿಬಿಡುವುದು ಸುಲಭ. ಅಂಥ ಚಪಲವೂ ಇಲ್ಲದಿಲ್ಲ. ಆದರೆ ಇದಕ್ಕೆ ಇನ್ನೂ ಗಟ್ಟಿಯಾದ ಕಾರಣವೊಂದುಂಟು. 1955ರಲ್ಲಿ ಕರೆಯದೆ ಬಂದ ಪ್ರೀತಿಯೇ ಅತಿಥಿಗಳನ್ನು ಹಿಸುಕಿಹಾಕುವಂತಾಗಿತ್ತು. 1984ರಲ್ಲಿ ಇಂದಿರಾ ಗಾಂಧಿಯವರ, 1991ರಲ್ಲಿ ರಾಜೀವ ಗಾಂಧಿಯವರ ಹತ್ಯೆಗಳಾದ ಮೇಲೆ ಈ ದೇಶದಲ್ಲಿ ತೆರೆದ ಮೈದಾನದ ಮೇಲಿನ ನಂಬಿಕೆಯೇ ಕುಗ್ಗಿತು. ವಿದೇಶಿ ಅತಿಥಿಯ ಕಾವಲುಗಾರರು ತಿಂಗಳ ಮೊದಲೇ ಬಂದು, ಯಾರು ಕೂರುವರು, ಎಲ್ಲಿ ಕೂರುವರು ಎಂದು ಪಟ್ಟಿ ಕೇಳುತ್ತಾರೆ. ಆಗ ಗುರುತಿನ ಚೀಟಿ ಇರುವ, ಪೊಲೀಸ್ ತನಿಖೆಯಾಗಿ ಕೆಲಸಕ್ಕೆ ಸೇರಿರುವ, ವಿಳಾಸ ಗೊತ್ತಿರುವ, ಹೇಳಿದ ಹೊತ್ತಿಗೆ ಬಂದು ಹೇಳಿದ ಹೊತ್ತಿಗೆ ಏಳುವ ಜನ ಬೇಕಾಗುತ್ತದೆ. ಸರಕಾರಿ ನೌಕರನಿಗಿಂತ ಇದಕ್ಕೆ ಯೋಗ್ಯನಾದವನು ಎಲ್ಲಿ ಸಿಕ್ಕುವನು? ಶಾಲೆಯ ಮಕ್ಕಳೊಬ್ಬರೇ ಅವನಿಗೆ ಪ್ರತಿಸ್ಪರ್ಧಿಗಳು. 2020ರ ಫೆಬ್ರುವರಿ 24ರಂದು ಅಹಮದಾಬಾದಿನ ಮೊಟೇರಾ ಕ್ರೀಡಾಂಗಣದಲ್ಲಿ ಅಧ್ಯಕ್ಷ ಟ್ರಂಪರಿಗೆ ಲಕ್ಷಕ್ಕೆ ಮಿಕ್ಕಿದ ಜನರ ನಡುವೆ ಸ್ವಾಗತವಾಯಿತಷ್ಟೆ. ಆತಿಥೇಯರು ಯಾರೆಂದು ಪತ್ರಕರ್ತರು ಕೇಳಿದಾಗ ಒಂದು ನಾಗರಿಕ ಅಭಿನಂದನ ಸಮಿತಿಯೆಂದು ವಿದೇಶಾಂಗ ಇಲಾಖೆಯವರು ಉತ್ತರ ಕೊಟ್ಟರು. ಸರಕಾರವು ಕರೆದರೂ ತಾನು ಕರೆದೆನೆಂದು ಹೇಳಲು ಹಿಂದುಮುಂದು ನೋಡುವ ಈ ಅಭ್ಯಾಸವೇ ಎಲ್ಲ ತೊಡಕಿಗೂ ಮೂಲ.

ರಕ್ಷಣೆಯ ಕಾರಣವನ್ನು ನಾವು ಒಪ್ಪುತ್ತೇವೆ. ಒಪ್ಪಿದ ಮೇಲೆಯೂ ಕಾಗದವು ಸ್ಪಷ್ಟವಾಗಬೇಕಾದ ಅಗತ್ಯ ಕಡಿಮೆಯಾಗದು, ಹೆಚ್ಚಾಗುತ್ತದೆ. ಕೇಂದ್ರ ಸರಕಾರದ ನೌಕರರ 1964ರ ನಡತೆಯ ನಿಯಮಗಳಲ್ಲಿ ಹೆಚ್ಚು ಜನ ಓದದೆ ಬಿಡುವ ಒಂದು ಭಾಗವುಂಟು. ಮೇಲಧಿಕಾರಿಯ ನಿರ್ದೇಶನವು ಸಾಮಾನ್ಯವಾಗಿ ಬರವಣಿಗೆಯಲ್ಲಿರತಕ್ಕದ್ದು. ಬಾಯಿಮಾತಿನ ಆಜ್ಞೆಯನ್ನು ಆದಷ್ಟು ವರ್ಜಿಸತಕ್ಕದ್ದು. ಅನಿವಾರ್ಯವಾಗಿ ಬಾಯಲ್ಲಿ ಹೇಳಿದರೆ ಕೂಡಲೇ ಬರೆದು ಸ್ಥಿರಪಡಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಕೆಳಗಿನವನು ಅಂಥ ಲಿಖಿತ ದೃಢೀಕರಣವನ್ನು ಕೇಳುವುದು ಉದ್ಧಟತನವಲ್ಲ. ನಿಯಮವೇ ಅದಕ್ಕೆ ಎಡೆಮಾಡಿದೆ. ರೈಲ್ವೆ ನೌಕರರಿಗೂ ರಾಜ್ಯ ಸರಕಾರದವರಿಗೂ ಬೇರೆ ಬೇರೆ ನಿಯಮಗಳುಂಟು. ತಾರಾತಲಾದ ಟಂಕಸಾಲೆಯು 1952ರಲ್ಲಿ ಆರಂಭವಾದುದು, 2006ರಿಂದ ಸರಕಾರಿ ಒಡೆತನದ ನಿಗಮವೊಂದಕ್ಕೆ ಸೇರಿದೆ. ಅಲ್ಲಿಯವರು ತಮ್ಮ ನಿಗಮದ ನಿಯಮಗಳನ್ನು ನೋಡಿಕೊಳ್ಳಬೇಕು.

ನೌಕರನಾದ ಮಾತ್ರಕ್ಕೆ ಮನುಷ್ಯನು ಪೌರತ್ವವನ್ನು ಕಚೇರಿಯ ಗೂಟಕ್ಕೆ ತೂಗುಹಾಕಿ ಒಳಗೆ ಹೋಗುವುದಿಲ್ಲ. ಬಿಹಾರ ಸರಕಾರವು ತನ್ನ ನೌಕರರು ಸೇವೆಯ ವಿಷಯದಲ್ಲಿ ಯಾವ ಪ್ರದರ್ಶನದಲ್ಲಿಯೂ ಭಾಗವಹಿಸಕೂಡದೆಂದು ವಿಧಿಸಿದ್ದಾಗ, ಕಾಮೇಶ್ವರ ಪ್ರಸಾದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1962ರಲ್ಲಿ ಆ ನಿಷೇಧವನ್ನು ರದ್ದುಮಾಡಿತು. ಮುಷ್ಕರದ ನಿಷೇಧ ಉಳಿಯಿತು, ಶಾಂತವಾದ ಪ್ರದರ್ಶನದ ನಿಷೇಧ ಹೋಯಿತು. ಸಂವಿಧಾನದ ಹಕ್ಕುಗಳು ಸರಕಾರಿ ಸೇವಕನಿಗೂ ಇವೆ ಎಂಬುದು ಅಂದು ಸ್ಥಿರವಾದ ಮಾತು. 1986ರಲ್ಲಿ ಅದೇ ನ್ಯಾಯಾಲಯವು ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ, ರಾಷ್ಟ್ರಗೀತೆಯ ಹೊತ್ತಿನಲ್ಲಿ ಗೌರವದಿಂದ ಎದ್ದು ನಿಂತ ಮಕ್ಕಳನ್ನು ಹಾಡಲಿಲ್ಲವೆಂದು ಶಾಲೆಯಿಂದ ಹೊರಗೆ ಹಾಕಿದ್ದು ತಪ್ಪೆಂದು ತೀರ್ಪಿತ್ತಿತು. ನಮ್ಮದೇ ರಾಷ್ಟ್ರಗೀತೆಯ ವಿಷಯದಲ್ಲಿ ಮೌನಕ್ಕೆ ಇಷ್ಟು ರಕ್ಷಣೆಯಿರುವಲ್ಲಿ, ಪರದೇಶದ ನಾಯಕರಿಗೆ ಜಯಕಾರ ಹಾಕಲಿಲ್ಲವೆಂದು ಒಬ್ಬ ಗುಮಾಸ್ತನ ಮೇಲೆ ಕ್ರಮ ಕೈಗೊಳ್ಳುವುದು ಹೇಗೆ ನಿಂತೀತೋ ನಾವು ಕಾಣೆವು. ಸಭೆಯ ಜಾಗದಲ್ಲಿ ಕುರ್ಚಿ ಜೋಡಿಸುವ, ಚೀಟಿ ಪರೀಕ್ಷಿಸುವ, ನೀರು ಒದಗಿಸುವ ಕೆಲಸಕ್ಕೆ ನೇಮಿಸಿದರೆ ಅದು ಬೇರೆ. ಅದು ಕರ್ತವ್ಯ, ಮಾಡಲೇಬೇಕು. ಚಪ್ಪಾಳೆ ತಟ್ಟುವುದು ಯಾವ ಹುದ್ದೆಯ ಕರ್ತವ್ಯದ ಪಟ್ಟಿಯಲ್ಲಿಯೂ ಇಲ್ಲ.

ವಾಸ್ತವದಲ್ಲಿ ಕಾಯಿದೆಯವರೆಗೆ ಮಾತು ಹೋಗುವುದೇ ಅಪರೂಪ. ಹೋಗದವನಿಗೆ ಯಾರೂ ನೋಟೀಸು ಕೊಡುವುದಿಲ್ಲ. ಮುಂದಿನ ತಿಂಗಳು ಊರಿಗೆ ಹೋಗಲು ರಜೆ ಕೇಳಿದಾಗ ಅರ್ಜಿಯು ಮೇಜಿನ ಮೇಲೆ ನಿದ್ರಿಸುತ್ತದೆ. ವರ್ಗಾವಣೆಯ ಪಟ್ಟಿಯಲ್ಲಿ ಹೆಸರು ಮೇಲಕ್ಕೆ ಬರುತ್ತದೆ. ಪರಭಾಷೆಯ ನಾಡಿನಲ್ಲಿ ಬಂಧುಬಳಗವಿಲ್ಲದೆ ಬಾಳುವ ನಮ್ಮ ಗುಮಾಸ್ತನಿಗೆ ಇಂಥ ಹೆದರಿಕೆ ಇತರರಿಗಿಂತ ಒಂದು ತೂಕ ಹೆಚ್ಚು. ಕುಂದಾಪುರಕ್ಕೋ ಧಾರವಾಡಕ್ಕೋ ಎರಡು ಮೂರು ದಿನದ ರೈಲು ಪ್ರಯಾಣ ಮಾಡಿ ತಂದೆತಾಯಿಯರನ್ನು ನೋಡಿಬರಬೇಕಾದವನು ಮೇಲಧಿಕಾರಿಯ ಮುಖ ಕೆಡಿಸಿಕೊಳ್ಳಲಾರ. ಆದುದರಿಂದಲೇ 'ಇಷ್ಟವಿದ್ದವರು ಬರಬಹುದು' ಎಂದು ಬರೆದ ಕಾಗದದ ಕೆಳಗೆ ಸಹಿ ಮಾಡಲು ಪಟ್ಟಿಯನ್ನು ಅಂಟಿಸುವುದು ಸಲ್ಲದು. ಪಟ್ಟಿ ಅಂಟಿಸಿದ ಕ್ಷಣವೇ ಮೇಲಿನ ವಾಕ್ಯವು ಸುಳ್ಳಾಗುತ್ತದೆ.

ಇನ್ನು ಅಪಾಯದ ಮಾತು. ನಮ್ಮ ಮನಸ್ಸಿನಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. 2025ರ ಜೂನ್ 4ರಂದು ಬೆಂಗಳೂರಿನಲ್ಲಿ ಏನಾಯಿತೆಂಬುದನ್ನು ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. ಅದು ವಿದೇಶಿ ನಾಯಕರ ಸ್ವಾಗತವಲ್ಲ, ಗೆದ್ದು ಬಂದ ಕ್ರಿಕೆಟ್ ತಂಡದ ಸತ್ಕಾರ. ವಿಧಾನಸೌಧದ ಮೆಟ್ಟಿಲ ಮೇಲೆ ಸರಕಾರದ ಸಮಾರಂಭ. ಅಲ್ಲಿಂದ ಅನತಿದೂರದ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಿಗೆ ಸಿಕ್ಕಿ 11 ಜನರ ಸಾವು. ಪೊಲೀಸ್ ಅಧಿಕಾರಿಯೊಬ್ಬರು ಸಮಾರಂಭಕ್ಕೆ ಮೊದಲೇ ಎಚ್ಚರಿಕೆಯ ಪತ್ರ ಬರೆದಿದ್ದರೆಂಬುದು ಆಮೇಲೆ ಪತ್ರಿಕೆಗಳಲ್ಲಿ ಬಂತು. ಸತ್ತವರನ್ನು ಕರೆದವರು ಯಾರು ಎಂಬ ಪ್ರಶ್ನೆಗೆ ಸರಕಾರ, ಕ್ರಿಕೆಟ್ ಸಂಸ್ಥೆ, ತಂಡದವರು ಮೂವರೂ ಒಬ್ಬರನ್ನೊಬ್ಬರು ತೋರಿಸಿದರು.

ಇಂಥ ನೂಕುನುಗ್ಗಲಿನಲ್ಲಿ ಕಚೇರಿಯ ಕರೆಯಂತೆ ಹೋದ ಒಬ್ಬ ಜವಾನನು ಕಾಲು ಮುರಿದುಕೊಂಡನೆಂದು ಭಾವಿಸೋಣ. ಅವನು ಕೆಲಸದ ಮೇಲಿದ್ದನೇ? ಸರಕಾರಿ ಸೇವೆಯಲ್ಲಿ ಗಾಯಕ್ಕೂ ಮರಣಕ್ಕೂ ದೊರೆಯುವ ವಿಶೇಷ ಪರಿಹಾರಗಳೆಲ್ಲ ಆ ಆಪತ್ತಿಗೂ ಸೇವೆಗೂ ಇರುವ ಸಂಬಂಧವನ್ನು ಅವಲಂಬಿಸಿವೆ. ಕಾಗದದಲ್ಲಿ 'ಕೋರಲಾಗಿದೆ' ಎಂದಿದ್ದರೆ, ಅವನು ತನ್ನ ಖುಷಿಯಿಂದ ತಮಾಷೆ ನೋಡಲು ಹೋಗಿದ್ದನೆಂದು ಲೆಕ್ಕಪತ್ರದವರು ಬರೆಯಬಹುದು. ಕಾಗದವೇ ಇಲ್ಲದಿದ್ದರೆ ಬರೆಯುವುದು ಇನ್ನೂ ಸುಲಭ. ಹೋಗುವಾಗ ಅಪ್ಪಣೆ, ಬಿದ್ದಾಗ ಆಮಂತ್ರಣ ಎಂಬ ಈ ಇಬ್ಬಗೆಯ ಮಾತಿನಲ್ಲಿ ಕೆಳಗಿನವನ ಸಂಸಾರವೇ ಮುಳುಗೀತು. ಆದುದರಿಂದ ನಮ್ಮ ವಾಚಕರಲ್ಲಿ ಯಾರಿಗಾದರೂ ಹೋಗಲು ಹೇಳಿದರೆ, ಹೊರಡುವುದಕ್ಕೆ ಮೊದಲು, ಅದು ಕೆಲಸವೆಂದು ಎಣಿಸಲ್ಪಡುವುದೇ ಎಂಬುದನ್ನು ವಿನಯದಿಂದಲೇ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಲೇಸು. ಭಾನುವಾರವೋ ಹಬ್ಬದ ರಜೆಯೋ ಆಗಿದ್ದರೆ ಪ್ರತಿಯಾಗಿ ಇನ್ನೊಂದು ದಿನದ ಬಿಡುವು ದೊರೆಯುವುದೇ ಎಂಬುದನ್ನೂ ಅದೇ ಕಾಗದದಲ್ಲಿ ಕೇಳಬಹುದು. ಬಂದ ಕಾಗದದ ಒಂದು ಪ್ರತಿಯನ್ನು ಮನೆಯಲ್ಲಿಡಬೇಕು. ಈಗ ಎಲ್ಲರ ಕೈಯಲ್ಲಿಯೂ ಮೊಬೈಲ್ ಇರುವುದರಿಂದ ಒಂದು ಚಿತ್ರ ತೆಗೆದುಕೊಂಡರೂ ಆಯಿತು.

ಹೋಗಬೇಕೆನ್ನುವವರಿಗೆ ಹೋಗಬೇಡಿರೆಂದು ನಾವೇಕೆ ಹೇಳೋಣ? 1990ರ ಅಕ್ಟೋಬರಿನಲ್ಲಿ ನೆಲ್ಸನ್ ಮಂಡೇಲಾ ಅವರು ಸೆರೆಯಿಂದ ಹೊರಬಂದ ವರ್ಷವೇ ಈಡನ್ ಉದ್ಯಾನದ ಕ್ರೀಡಾಂಗಣಕ್ಕೆ ಬಂದಾಗ, ಅವರನ್ನು ಕಣ್ಣಾರೆ ಕಾಣುವುದಕ್ಕಾಗಿ ಒಂದು ದಿನದ ಸಂಬಳ ಕಳೆದುಕೊಳ್ಳಲೂ ಸಿದ್ಧರಾದವರು ಇದ್ದಿರಬೇಕು. 1972ರ ಫೆಬ್ರುವರಿ 6ರಂದು ಬ್ರಿಗೇಡ್ ಮೈದಾನದಲ್ಲಿ ಇಂದಿರಾ ಗಾಂಧಿಯವರ ಜೊತೆಗೆ ಶೇಖ್ ಮುಜೀಬುರ್ ರಹಮಾನರು ಮಾತನಾಡಿದಾಗ ಬಂಗಾಳಿಗಳು ಮನೆಯಲ್ಲಿ ಕುಳಿತಿರುವರೆಂದು ಯಾರು ತಾನೇ ಎಣಿಸಿದ್ದರು! ನಿಜವಾದ ಆಮಂತ್ರಣವಾಗಿದ್ದರೆ ಸರಕಾರವು ಮಾಡಬೇಕಾದುದು ಸ್ವಲ್ಪವೇ. ಇಷ್ಟವುಳ್ಳವರಿಗೆ ಎರಡು ಗಂಟೆ ಮೊದಲೇ ಬಿಡುವು ಕೊಡುವುದು, ಚೀಟಿಯನ್ನು ಗೋಪ್ಯವಾಗಿ ಪಡೆಯುವ ವ್ಯವಸ್ಥೆ ಮಾಡುವುದು, ಪಡೆದವರ ಪಟ್ಟಿಯು ಪೊಲೀಸರಲ್ಲಿ ಮಾತ್ರ ಇದ್ದು ಕಚೇರಿಗೆ ಹಿಂದಿರುಗದಂತೆ ನೋಡಿಕೊಳ್ಳುವುದು. ಕುರ್ಚಿಗಳು ಖಾಲಿ ಉಳಿದರೆ ಉಳಿಯಲಿ. ಖಾಲಿ ಕುರ್ಚಿಯನ್ನು ಕಂಡು ಎರಡು ದೇಶಗಳ ಸ್ನೇಹ ಮುರಿಯುವುದಾದರೆ ಅದು ಮೊದಲೇ ಬಿರುಕುಬಿಟ್ಟ ಸ್ನೇಹ.

ಈಗ ಹೋಟೆಲಿನವರ ಮಾತು. ಅವರಿಗೆ ಕರೆಯೋಲೆ ಬರುವುದಿಲ್ಲ. ಬರುವುದು ದಾರಿ ಮುಚ್ಚುವ ಪೊಲೀಸರ ಅಪ್ಪಣೆ ಮಾತ್ರ. ಮಾಜೇರಹಾಟಿನ ಸೇತುವೆ 2018ರ ಸೆಪ್ಟೆಂಬರಿನಲ್ಲಿ ಕುಸಿದು 2020ರ ಡಿಸೆಂಬರಿನಲ್ಲಿ ಹೊಸ ಸೇತುವೆ ತೆರೆಯುವವರೆಗೆ ಬೆಹಾಲಾದ ವ್ಯಾಪಾರಕ್ಕೆ ಒಂದೇ ರಸ್ತೆಯ ಮೇಲಿನ ಅವಲಂಬನೆ ಎಷ್ಟು ದುಬಾರಿಯೆಂಬುದು ಚೆನ್ನಾಗಿ ಅನುಭವಕ್ಕೆ ಬಂದಿದೆ. 2022ರ ಕೊನೆಗೆ ಜೋಕಾದಿಂದ ತಾರಾತಲಾಕ್ಕೂ 2024ರಲ್ಲಿ ಮಾಜೇರಹಾಟಿಗೂ ಮೆಟ್ರೋ ಬಂದಿರುವುದು ಗುಮಾಸ್ತನಿಗೆ ಒಂದು ಅನುಕೂಲ. ಹಾಲಿನ ಕ್ಯಾನನ್ನೂ ತರಕಾರಿಯ ಮೂಟೆಯನ್ನೂ ಮೆಟ್ರೋದಲ್ಲಿ ತರಲಾಗುವುದಿಲ್ಲ. ರಾತ್ರಿ ರುಬ್ಬಿಟ್ಟ ಹಿಟ್ಟು ಮರುದಿನ ಬೆಳಿಗ್ಗೆ ಬೀದಿ ಮುಚ್ಚಿದೆಯೆಂದು ಹುಳಿಯಾಗದೆ ಕಾಯುವುದಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಧಣಿಯು ಆ ನಷ್ಟವನ್ನು ಇನ್ನೊಂದು ದಿನ ತುಂಬಿಕೊಂಡಾನು. ದಿನಗೂಲಿಯ ಮೇಲೆ ಪಾತ್ರೆ ತೊಳೆಯುವವನಿಗೆ ಆ ದಿನ ಹೋದರೆ ಹೋಯಿತು. ಕೆಲವೊಮ್ಮೆ ಇದರ ವಿರುದ್ಧವೂ ಆಗುವುದುಂಟು: ಮೈದಾನದಲ್ಲಿ ಕಾಯುತ್ತಿರುವ ನೌಕರರಿಗೆ ಊಟದ ಪೊಟ್ಟಣ ಒದಗಿಸುವ ಗುತ್ತಿಗೆ ಬಂದು, ನಸುಕಿನ ಎರಡು ಗಂಟೆಗೆ ಒಲೆ ಹಚ್ಚಿ, ಪೊಟ್ಟಣ ಹೊತ್ತು, ಪೊಲೀಸರ ಮೂರು ಕಟ್ಟೆ ದಾಟಿ ಹೋಗಬೇಕು. ಹಾಗೆ ಕಳುಹಿಸಲ್ಪಟ್ಟವನು ನಿಸ್ಸಂದೇಹವಾಗಿ ಕೆಲಸದ ಮೇಲಿರುತ್ತಾನೆ. ಹೋಟೆಲು ನೌಕರರ ರಾಜ್ಯ ವಿಮಾ ಯೋಜನೆಗೆ ಸೇರಿದ್ದರೆ ಅವನ ಹೆಸರು ಅದರಲ್ಲಿ ನೊಂದಾಯಿತವಾಗಿದೆಯೇ ಎಂದು ಅವನು ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು.

ನಗರದ ಪೊಲೀಸರನ್ನು ನಾವು ಕೇಳಿಕೊಳ್ಳುವುದು ಇಷ್ಟೆ. ಅತಿಥಿಯ ದಾರಿಯನ್ನು ಮೊದಲೇ ಬಹಿರಂಗಪಡಿಸಲು ರಕ್ಷಣೆಯ ದೃಷ್ಟಿಯಿಂದ ಆಗದಿರಬಹುದು. ಯಾವ ರಸ್ತೆಗಳು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಮುಚ್ಚಿರುವುವು ಎಂಬುದನ್ನು ಹಿಂದಿನ ದಿನ ಮಧ್ಯಾಹ್ನದೊಳಗಾಗಿ ತಿಳಿಸಲು ಅಂಥ ಅಡ್ಡಿಯೇನೂ ಕಾಣದು. ಅಕ್ಕಿ ಉದ್ದು ನೆನೆಹಾಕುವ ಹೊತ್ತು ಅದೇ.